ಸೀಲು ಒಡೆಯದ ಶಂಖ

ನನ್ನ ಅತ್ತೆ ಸಿದ್ದಲಿಂಗವ್ವನವರಿಗೆ ಜೀವನದಲ್ಲಿ ಇದ್ದದ್ದು ಒಂದೇ ಕೊರಗು, ಅದು ಶಂಖದ್ದು. ಮಳೆ ಬಾರದಿದ್ದರೆ ಆಕಾಶವನ್ನು ಬೈದು ಸುಮ್ಮನಾಗುತ್ತಿದ್ದರು. ತೊಗರಿ ಕೈಕೊಟ್ಟರೆ ಬೀಜದಂಗಡಿಯವನನ್ನು ಬೈದು ಸುಮ್ಮನಾಗುತ್ತಿದ್ದರು. ಶಂಖದ ವಿಷಯದಲ್ಲಿ ಮಾತ್ರ ಇಪ್ಪತ್ತೊಂದು ವರ್ಷವಾದರೂ ಸುಮ್ಮನಾಗಿರಲಿಲ್ಲ.

ಆದದ್ದು ಇಷ್ಟು. ಇಪ್ಪತ್ತೊಂದು ವರ್ಷದ ಹಿಂದೆ ಅತ್ತೆಯ ನೆಗೆಣ್ಣಿ ಮಲಕವ್ವ, ಅಂದರೆ ನಮ್ಮ ದೊಡ್ಡ ಮಾವನವರ ಹೆಂಡತಿ, ಅತ್ತೆಗೆ ಅಕ್ಕ, ನನಗೆ ದೊಡ್ಡತ್ತೆ, ಹತ್ತಿರದ ಉಟಗಿಯಿಂದ ಹೊರಟ ಯಾತ್ರೆಯ ಬಸ್ಸಿನಲ್ಲಿ ರಾಮೇಶ್ವರಕ್ಕೆ ಹೋಗಿ ಬಂದರು. ಬರುವಾಗ ತಮ್ಮ ದೇವರ ಜಗಲಿಗೆ ಒಂದು ಶಂಖ ತಂದರು. ಅತ್ತೆಗೆ ಒಂದು ತಗಡಿನ ಡಬ್ಬಿಯ ತುಂಬ ಕುಂಕುಮ ತಂದರು. ಆ ಡಬ್ಬಿಯನ್ನು ಅತ್ತೆ ಅಂದು ಗೋಡೆಯ ಮಾಡದಲ್ಲಿ ಇಟ್ಟವರು ಆಮೇಲೆ ಒಮ್ಮೆಯೂ ಮುಚ್ಚಳ ತೆಗೆದಿರಲಿಲ್ಲ. ದಿನಾ ಬೆಳಿಗ್ಗೆ ಅದರ ಮೇಲಿನ ಧೂಳು ಮಾತ್ರ ಒರೆಸುತ್ತಿದ್ದರು, ಸಿಟ್ಟು ಮಾಸದಿರಲಿ ಎಂದು.

ನಮ್ಮ ಮನೆಗೂ ಮಲಕವ್ವನವರ ಮನೆಗೂ ನಡುವೆ ಒಂದೇ ಗೋಡೆ. ಶ್ರಾವಣ ಸೋಮವಾರ ಬಂತೆಂದರೆ ಓಣಿಯ ಹೆಂಗಸರೆಲ್ಲ ಆ ಕಡೆ ಸೇರುತ್ತಾರೆ. ಗೊಲ್ಲಾಳಪ್ಪ ಕಾಕಾ ಬಂದು ಶಂಖ ಊದುತ್ತಾರೆ. ಅರವತ್ತು ದಾಟಿದ ಕುರಿಗಾರ, ಆದರೆ ಅವರ ಉಸಿರಿಗೆ ಇನ್ನೂ ವಯಸ್ಸಾಗಿಲ್ಲ. ಆಮೇಲೆ ಮಲಕವ್ವ ಶಂಖದ ಮೇಲೆ ನೀರೆರೆದು ಎಲ್ಲರಿಗೂ ತೀರ್ಥ ಕೊಡುತ್ತಾರೆ. ಅತ್ತೆಯೂ ಹೋಗುತ್ತಿದ್ದರು, ತಲೆಬಾಗಿ ತೀರ್ಥ ತೆಗೆದುಕೊಳ್ಳುತ್ತಿದ್ದರು. ಮನೆಗೆ ಬಂದ ಮೇಲೆ ಅರ್ಧ ತಾಸು ನಮ್ಮ ಪಾತ್ರೆಗಳು ಸದ್ದು ಮಾಡುತ್ತಿದ್ದವು.

ನಾನು ನಂದಾ. ವಳಸಂಗದವಳು, ಎಂಟು ವರ್ಷದ ಹಿಂದೆ ಈ ತಿಕೋಂಡಿಗೆ ಸೊಸೆಯಾಗಿ ಬಂದೆ. ಪಡಸಾಲೆಯಲ್ಲಿ ದೇವರ ಜಗಲಿಯ ಎದುರಿಗೇ ಹೊಲಿಗೆ ಯಂತ್ರ ಹಾಕಿಕೊಂಡು ಓಣಿಯ ಹೆಂಗಸರ ಜಂಪರುಗಳನ್ನು ಹೊಲಿಯುತ್ತೇನೆ. ನನ್ನ ಬಾಯಿ ನನ್ನ ಕತ್ತರಿಗಿಂತ ಹರಿತ ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ, ಅದು ನಿಜವೇ. ಮಾವನವರದು ಬಸ್ ಸ್ಟ್ಯಾಂಡಿನ ಹತ್ತಿರ ಕಿರಾಣಿ ಅಂಗಡಿ. ಅವರು ಮಾತಾಡುವುದು ಕಡಿಮೆ, ಈ ಕಥೆಯಲ್ಲೂ ಮಾತಾಡುವುದಿಲ್ಲ. ನನ್ನ ಗಂಡ ಅನಿಲ ಅಂಡಮಾನಿನಲ್ಲಿ ರಸ್ತೆ ಮಾಡುವ ಕಂಪನಿಯೊಂದರಲ್ಲಿ ಜೆಸಿಬಿ ಓಡಿಸುತ್ತಾನೆ. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಹತ್ತು ದಿನಕ್ಕೆ ಬರುತ್ತಾನೆ.

ಈ ವರ್ಷ ಬಂದಾಗ ಅಂಗಿಯ ಜೇಬಿನಿಂದ ಪೇಪರಿನ ಪೊಟ್ಟಣ ತೆಗೆದು, "ಅವ್ವಾ, ನಿನಗ ಶಂಖ ತಂದೀನಿ" ಎಂದ.

ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಲಿಂಬೆಹಣ್ಣಿನ ಬಣ್ಣ, ಸುತ್ತಲೂ ತೆಳುವಾದ ಕಂದು ಗೆರೆ. ನೋಡಲು ಬಲು ಚೆಂದವಿತ್ತು. ಅತ್ತೆ ಅದನ್ನು ಮೊನೆ ಕೆಳಗೆ ಮಾಡಿ ಹಿಡಿದು ನೋಡಿದರು, ಕಣ್ಣಿಗೆ ಹತ್ತಿರ ತಂದರು, ದೂರ ಒಯ್ದರು. ಆಮೇಲೆ ಅವರ ಧ್ವನಿಯೇ ಬದಲಾಯಿತು.

"ಬಾಯಿ ಬಲಕ್ಕೈತಿ! ಅಕ್ಕಂದು ಎಡಕ್ಕೈತಿ. ಇದು ಬಲಮುರಿ, ಅನಿಲಾ! ಲಕ್ಷದಾಗ ಒಂದ ಸಿಗತೈತಿ ಅಂತಾರ!"

ಅದರ ಬಾಯಿಗೆ ಬಿಳಿಯ ತೆಳು ಹಾಳೆಯಂಥದ್ದೇನೋ ಅಂಟಿಕೊಂಡಿತ್ತು. ಅತ್ತೆ ಅದನ್ನು ಬೆರಳಿನಿಂದ ಮುಟ್ಟಿ ನನಗೆ ತೋರಿಸಿದರು. "ನೋಡ ನಂದಾ, ಸೀಲ್ ಸೈತ ಒಡದಿಲ್ಲ. ಹೊಸಾ ಮಾಲ."

ಅನಿಲ ನನ್ನನ್ನು ನೋಡಿ, ಆಮೇಲೆ ಮೇಲ್ಛಾವಣಿ ನೋಡಿದ. ಗಂಡ ಮೇಲ್ಛಾವಣಿ ನೋಡಿದಾಗ ಹೆಂಡತಿಯಾದವಳು ಅಲ್ಲೇ ಹಿಡಿದು ಕೇಳಬೇಕು. ಒಲೆಯ ಮೇಲೆ ಬದನೆಕಾಯಿ ಪಲ್ಯ ತಳ ಹತ್ತುತ್ತಿತ್ತು, ನಾನು ಒಳಗೆ ಓಡಿದೆ. ಮುಂದಿನದಕ್ಕೆಲ್ಲ ಆ ಬದನೆಕಾಯಿಯೇ ಕಾರಣ.

ಅತ್ತೆ ಶಂಖಕ್ಕೆ ವಿಭೂತಿಯ ಮೂರು ಗೆರೆ ಎಳೆದು ಜಗಲಿಯ ಮೇಲೆ, ಗಂಟೆಯ ಪಕ್ಕ ಕೂರಿಸಿದರು. ಶ್ರಾವಣದ ಮೊದಲ ಸೋಮವಾರದ ತನಕ ಅದಕ್ಕೆ ನೀರು ಮುಟ್ಟಿಸುವುದಿಲ್ಲ ಎಂದು ನೇಮ ಮಾಡಿಕೊಂಡರು. ಅಲ್ಲಿಯತನಕ ಮುಟ್ಟಿಸಿದ್ದು ಸುದ್ದಿ ಮಾತ್ರ. ಗಿರಣಿಗೆ, ಬಸ್ ಸ್ಟ್ಯಾಂಡಿಗೆ, ನೀರಿನ ಟ್ಯಾಂಕರ್ ಬರುವ ಕಟ್ಟೆಗೆ, ಎಲ್ಲ ಕಡೆ ಬಲಮುರಿಯ ಸುದ್ದಿ ಹೋಯಿತು.

ಮೊದಲ ಸೋಮವಾರ ಮಲಕವ್ವನವರ ಮನೆಯಲ್ಲಿ ಐದು ಜನ ಹೆಂಗಸರು, ನಮ್ಮಲ್ಲಿ ಹದಿನಾಲ್ಕು. ಗೊಲ್ಲಾಳಪ್ಪ ಕಾಕಾ ಅಲ್ಲಿ ಊದುವುದನ್ನು ಮುಗಿಸಿ ನಮ್ಮಲ್ಲಿಗೂ ಬಂದು ಕೈಯೊಡ್ಡಿದರು. "ಊದೂದು ಆ ಮನ್ಯಾಗ, ಕುಡ್ಯೂದು ಎರಡೂ ಮನ್ಯಾಗ" ಎಂದರು. ಅತ್ತೆ ಮದುವೆಯ ಇಳಕಲ್ಲ ಸೀರೆ ಉಟ್ಟಿದ್ದರು. ಶಂಖದ ಮೇಲೆ ನೀರೆರೆದು, ತಟ್ಟೆಯಲ್ಲಿ ಬಿದ್ದದ್ದನ್ನು ಉದ್ಧರಣೆಯಿಂದ ಒಬ್ಬೊಬ್ಬರ ಅಂಗೈಗೆ ಹಾಕಿದರು. ಅತ್ತೆಯ ಮೇಲೆ ನನಗೆ ಅಪಾರ ಪ್ರೀತಿ ಇತ್ತು ಎಂದರೆ ಸುಳ್ಳಾಗುತ್ತದೆ. ಆದರೆ ಅವತ್ತು ನಾನು ಅವರ ಮುಖವನ್ನೇ ನೋಡುತ್ತ ನಿಂತೆ. ಆ ಮುಖದಲ್ಲಿ ಅಂಥ ಬೆಳಕನ್ನು ನಾನು ಎಂಟು ವರ್ಷದಲ್ಲಿ ಕಂಡಿರಲಿಲ್ಲ.

ಮರುದಿನ ಮಂಗಳವಾರ, ಹತ್ತು ಗಂಟೆಗೆ ಅತ್ತೆ ಮಾವನವರಿಗೆ ಬುತ್ತಿ ತೆಗೆದುಕೊಂಡು ಅಂಗಡಿಗೆ ಹೋದರು. ನಾನು ಜಂಪರಿಗೆ ಹುಕ್ಕು ಹಚ್ಚುತ್ತ ಕುಳಿತಿದ್ದೆ. ಜಗಲಿ ನೋಡಿದರೆ ಶಂಖ ಗಂಟೆಯ ಪಕ್ಕ ಇಲ್ಲ, ಗಂಟೆಯ ಮೇಲಿದೆ. ಅದರಿಂದ ಎರಡು ಕೊಂಬು ಹೊರಬಂದಿವೆ. ಕೆಳಗೆ ಇನ್ನೆರಡು ಸಣ್ಣ ಕೊಂಬು. ಶಂಖ ಒಂದು ಬಿಲ್ವಪತ್ರಿಯನ್ನು ನೆಕ್ಕುತ್ತಿದೆ. ನಾನು ಕಿರುಚಲಿಲ್ಲ. ಬಾಯಲ್ಲಿ ಮೂರು ಹುಕ್ಕುಗಳಿದ್ದವು, ಕಿರುಚಿದರೆ ನುಂಗಬೇಕಿತ್ತು.

ಹುಕ್ಕು ಉಗುಳಿ ಅನಿಲನಿಗೆ ಫೋನು ಮಾಡಿದೆ.

"ರೀ, ನಿಮ್ಮ ಶಂಖ ನಡ್ಯಾಕತ್ತೈತಿ."

ಆ ಕಡೆ ಅವನು ಜೆಸಿಬಿ ನಿಲ್ಲಿಸಿದ. ಆಮೇಲೆ ಅವನ ಧ್ವನಿ ಸಣ್ಣದಾಗಿ ಬಂತು. "ಜೀವಂತ ಐತೇನು? ಬಾಯಿ ಮುಚ್ಚಿತ್ತಲ್ಲ, ಸತ್ತೈತಿ ಅನ್ಕೊಂಡಿದ್ದೆ. ಇಲ್ಲಿ ಈ ನಡುಗಡ್ಡಿಯಾಗ ಗಿಡದ ಮ್ಯಾಲ ಇರ್ತಾವು ನಂದಾ, ಬಸವನಹುಳ. ಒಣಾ ಹವಾ ಬಿದ್ರ ಬಾಯಿಗೆ ಪರದಿ ಹಾಕ್ಕೊಂಡು ತಿಂಗಳಗಟ್ಲೆ ಮಲಗತಾವಂತ. ಹೊರಡೂ ದಿನ ಒಂದು ಉರುಳಿದ ಗಿಡದ ಬುಡಕ ಸಿಕ್ತು. ಅವ್ವಗ ಏನೂ ತಗೊಂಡಿರಲಿಲ್ಲ, ಜೇಬಿನಾಗ ಹಾಕ್ಕೊಂಡೆ."

"ಲಕ್ಷದಾಗ ಒಂದು ಬಲಮುರಿ?"

"ಇಲ್ಲಿ ಅರ್ಧ ಬಲಕ್ಕ, ಅರ್ಧ ಎಡಕ್ಕ. ಒಂದ ಗಿಡದಾಗ ಎರಡೂ ಇರ್ತಾವು. ಅವ್ವಗ ಹೇಳಬ್ಯಾಡ ಮಾರಾಯ್ತಿ. ಹೊಲಕ್ಕೂ ಬಿಡಬ್ಯಾಡ, ನಮ್ಮ ಪೀಕಿಗೆ ಏನ ಮಾಡತೈತೋ ಯಾರಿಗೆ ಗೊತ್ತು."

"ಹೇಳಬ್ಯಾಡ, ಬಿಡಬ್ಯಾಡ. ಮತ್ತ ಮಾಡ್ಲಿ ಏನ?"

"ಸೌತಿಕಾಯಿ ಹಾಕು" ಎಂದು ಫೋನಿಟ್ಟ. ಸಮುದ್ರದ ಆಚೆ ಕುಳಿತು ಸೌತೆಕಾಯಿ ಹಾಕು ಎನ್ನುವುದು ಗಂಡಸರಿಗೆ ಬಲು ಸುಲಭ.

ಹೇಳಿಬಿಡಬೇಕು ಎಂದು ನನಗೂ ಅನಿಸಿತು. ಆದರೆ ಬುತ್ತಿ ಕೊಟ್ಟು ಬಂದ ಅತ್ತೆ, ದಾರಿಯಲ್ಲಿ ಯಾರೋ ತಮ್ಮನ್ನು "ಬಲಮುರಿ ಸಿದ್ದಲಿಂಗವ್ವ" ಎಂದು ಕರೆದರು ಎಂದು ಎರಡು ಸಲ ಹೇಳಿದರು. ಇಪ್ಪತ್ತೊಂದು ವರ್ಷ ತಲೆಬಾಗಿ ನೀರು ಕುಡಿದವರಿಗೆ ಒಂದೇ ದಿನದ ಸಂಭ್ರಮದ ಮರುದಿನ, ನಿಮ್ಮ ದೇವರು ಹುಳ ಎಂದು ಹೇಗೆ ಹೇಳುವುದು? ಇನ್ನು ಮೂರೇ ಸೋಮವಾರ, ಹೇಗಾದರೂ ದಾಟಿಸೋಣ ಎಂದು ತೀರ್ಮಾನಿಸಿದೆ.

ಅಂದಿನಿಂದ ನನಗೊಂದು ಹೊಸ ನೌಕರಿ. ಬೆಳಿಗ್ಗೆ ಅತ್ತೆ ಪೂಜೆ ಮಾಡಿ ಅದರ ಮೇಲೆ ನೀರೆರೆಯುವರು, ಹುಳಕ್ಕೆ ಎಚ್ಚರವಾಗುವುದು. ಅವರು ಅಂಗಡಿಗೆ ಹೊರಟ ಕೂಡಲೇ ನಾನು ಅದನ್ನು ಇಳಿಸಿ ನನ್ನ ಗುಂಡಿಗಳ ಡಬ್ಬಿಯಲ್ಲಿ ಒದ್ದೆ ಅಸ್ತರು ಬಟ್ಟೆಯ ತುಂಡಿನ ಮೇಲೆ ಕೂರಿಸುವುದು, ಒಂದು ಬಿಲ್ಲೆ ಸೌತೆಕಾಯಿ ಇಡುವುದು. ಅವರು ಬರುವ ಮುಂಚೆ ಒರೆಸಿ, ಜಾರಿಹೋದ ವಿಭೂತಿಯನ್ನು ಮತ್ತೆ ಎಳೆದು, ಜಗಲಿಗೆ ಏರಿಸುವುದು.

ಹೊಲಿಯುತ್ತ ಹೊಲಿಯುತ್ತ ಅದರ ಜೊತೆ ಮಾತು ಶುರುವಾಯಿತು. ಎದುರು ಮಾತಾಡದೆ ಪೂರ್ತಿ ಕೇಳುವವರು ನನಗೆ ಸಿಕ್ಕಿದ್ದು ಅದೇ ಮೊದಲು. ನಾನು ಹೇಳಿದೆ: ಅತ್ತೆಯ ಕೈಯ ಸಾರಿಗೆ ಉಪ್ಪು ಹೆಚ್ಚು. ನಾನು ಕಸ ಹೊಡೆದ ಮೇಲೆ ಅವರು ಮತ್ತೊಮ್ಮೆ ಹೊಡೆಯುತ್ತಾರೆ, ನನ್ನ ಮುಖದ ಮುಂದೆಯೇ. ಸಕ್ಕರೆಯ ಡಬ್ಬಿಯನ್ನು ತಮ್ಮ ತವರಿನಿಂದ ಬಂದ ಬಂಗಾರದ ಹಾಗೆ ಕಾಯುತ್ತಾರೆ, ಚಹಾ ಕುಡಿದರೆ ಕಷಾಯ ಕುಡಿದ ಹಾಗಾಗುತ್ತದೆ. ಹುಳ ಒಂದು ಕೊಂಬನ್ನು ನನ್ನ ಕಡೆ ತಿರುಗಿಸಿ, ಸೌತೆಕಾಯಿ ತಿನ್ನುತ್ತ ಎಲ್ಲವನ್ನೂ ಒಪ್ಪಿಕೊಂಡಿತು.

ಕೆಲವು ವಿಷಯಗಳು ಮಾತ್ರ ಲೆಕ್ಕಕ್ಕೆ ಸಿಗಲಿಲ್ಲ. ಒಂದು ಬೆಳಿಗ್ಗೆ ಗಂಟೆಯ ಹಿಂದೆ ಅರ್ಧ ತಿಂದ ಸೌತೆಕಾಯಿ ಬಿಲ್ಲೆ ಸಿಕ್ಕಿತು. ನಾನು ಜಗಲಿಯ ಮೇಲೆ ಎಂದೂ ಇಟ್ಟವಳಲ್ಲ. ಇಲಿ ಎಳೆದು ತಂದಿರಬೇಕು ಎಂದುಕೊಂಡೆ. ಸೌತೆಕಾಯಿ ತಿಂದರೆ ನೆಗಡಿಯಾಗುತ್ತದೆ ಎನ್ನುತ್ತಿದ್ದ ಅತ್ತೆ ಸಂತೆಯಿಂದ ಸೇರುಗಟ್ಟಲೆ ಸೌತೆಕಾಯಿ ತರಿಸತೊಡಗಿದರು. ಉಪವಾಸಕ್ಕಿರಬೇಕು ಎಂದುಕೊಂಡೆ. ಸಂಜೆ ದೀಪ ಹಚ್ಚಿದ ಮೇಲೆ ಪಡಸಾಲೆಯ ಬಾಗಿಲು ಅರ್ಧ ಮುಚ್ಚಿ ಜಪಕ್ಕೆ ಕೂರುವ ಹೊಸ ಪದ್ಧತಿ ಇಟ್ಟುಕೊಂಡರು. ಬಲಮುರಿ ಬಂದ ಮೇಲೆ ಭಕ್ತಿ ಹೆಚ್ಚಿದೆ ಎಂದುಕೊಂಡೆ. ನಮ್ಮ ಜತ್ತ ತಾಲ್ಲೂಕಿನಲ್ಲೇ ತನ್ನಷ್ಟು ಜಾಣೆ ಇಲ್ಲ ಎಂದು ನಂಬಿದವಳಿಗೆ ಕಣ್ಣೆದುರಿಗಿದ್ದದ್ದೂ ಕಾಣುವುದಿಲ್ಲ.

ಎರಡನೆಯ ಸೋಮವಾರ ದಾಟಿತು. ಮೂರನೆಯ ಸೋಮವಾರ ಮಲಕವ್ವ ತಾವೇ ಬಂದರು.

ಬಾಗಿಲಲ್ಲಿ ಅವರನ್ನು ಕಂಡು ಹೆಂಗಸರೆಲ್ಲ ಸರಿದು ದಾರಿ ಬಿಟ್ಟರು. ದೊಡ್ಡತ್ತೆ ಜಗಲಿಯ ಮುಂದೆ ನಿಂತು ಶಂಖವನ್ನು ನೋಡಿದರು. ಪುಣ್ಯಕ್ಕೆ ಅದು ಆಗ ಮುದುಡಿಕೊಂಡಿತ್ತು.

"ಬಲಮುರಿ ಖರೇ" ಎಂದರು ದೊಡ್ಡತ್ತೆ. "ಆದ್ರ ಇದರ ಧ್ವನಿ ಯಾರರ ಕೇಳೀರೇನು? ಊದದ ಶಂಖ ಅದೇನ ಶಂಖ? ಸಿದ್ದಲಿಂಗವ್ವಾ, ಊದಿಸಿ ತೋರಸು."

ಜಗಳ ಬಿಡಿಸುವ ಉತ್ಸಾಹದಲ್ಲಿ ಗೊಲ್ಲಾಳಪ್ಪ ಕಾಕಾ ಮುಂದೆ ಬಂದರು. "ಅದಕ್ಕೇನ್ರಿ, ತುದಿ ಕೊರದಿಲ್ಲ, ಅದಕ್ಕ ಊದಾಕ ಬರೂದಿಲ್ಲ. ಊದೂ ಶಂಖದ್ದೆಲ್ಲಾ ತುದಿ ಕೊರದಿರ್ತಾರ. ಬರೂ ಸೋಮವಾರ ನನ್ನ ಕಬ್ಬಿಣದ ಅರ ತರತೀನಿ. ಎರಡು ಸಲ ತಿಕ್ಕಿದ್ರ ತೂತ ಬೀಳತೈತಿ."

"ಹಂಗಾದ್ರ ಬರೂ ಸೋಮವಾರ ಎಲ್ಲಾರೂ ಇಲ್ಲೇ" ಎಂದು ದೊಡ್ಡತ್ತೆ ಊರಿಗೆಲ್ಲ ಕೇಳುವಂತೆ ಹೇಳಿ ಹೊರಟರು. ಅತ್ತೆ ಬೇಡ ಎನ್ನದೆ ಉದ್ಧರಣೆ ಒರೆಸುತ್ತ ಕುಳಿತರು.

ತುದಿ ಕೊರೆಯುವುದೆಂದರೆ ಹುಳದ ಬೆನ್ನು ಕೊರೆಯುವುದು. ಆ ವಾರ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಒಂದು ನಿಜವಾದ ಶಂಖ ಕಳಿಸಿ ಎಂದು ಅನಿಲನಿಗೆ ಹೇಳಿದರೆ, ಹಡಗಿಗೆ ಹಾಕಿದರೆ ಹದಿನೈದು ದಿನ ಎಂದ. ಶಂಖ ಕಳೆದುಹೋಯಿತು ಎಂದು ಹೇಳೋಣವೆಂದರೆ, ದೇವರ ಶಂಖ ಮನೆ ಬಿಟ್ಟು ಹೋದರೆ ಅಪಶಕುನ ಎಂದು ಅತ್ತೆ ಊಟವನ್ನೇ ಬಿಟ್ಟಾರು. ನಿಜ ಹೇಳಿದರೆ ಹುಳ ಉಳಿಯುತ್ತದೆ, ಅತ್ತೆಯ ಮಾನ ಹೋಗುತ್ತದೆ. ಸುಮ್ಮನಿದ್ದರೆ ಮಾನ ಉಳಿಯುತ್ತದೆ, ಹುಳ ಹೋಗುತ್ತದೆ. ನೀನೇ ಹೇಳು ಎಂದು ಹುಳವನ್ನೇ ಕೇಳಿದೆ. ಅದು ಒಂದು ದೊಡ್ಡ ಬಿಳಿ ಗುಂಡಿಯ ಮೇಲೆ ಹತ್ತಿ ಕುಳಿತುಕೊಂಡಿತು.

ಭಾನುವಾರ ಸಂಜೆ ಧೈರ್ಯ ಮಾಡಿ, "ಅತ್ತಿ, ತುದಿ ಕೊರದ್ರ ಒಡದಗಿಡದೀತು" ಎಂದೆ.

ಅತ್ತೆ ರೊಟ್ಟಿಯ ಹಿಟ್ಟು ನಾದುತ್ತಿದ್ದರು. ಅರ್ಧ ತಾಸಿನಿಂದ ಅದೇ ಹಿಟ್ಟನ್ನು ನಾದುತ್ತಿದ್ದರು. "ನಾಳಿ ಜೋರ ಮಳಿ ಹೊಡದು, ಯಾರೂ ಮನಿ ಬಿಟ್ಟು ಬರಲಿಲ್ಲಂದ್ರ ಚಲೋ ಆಗತಿತ್ತು" ಎಂದರು. ಮಳೆ ಬೇಡುವವರು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ, ಈ ಕಾರಣಕ್ಕೆ ಬೇಡಿದವರನ್ನು ನಾನು ಕಂಡಿರಲಿಲ್ಲ.

ಮಳೆ ಬರಲಿಲ್ಲ. ಓಣಿ ಪೂರ್ತಿ ಬಂತು. ಪಡಸಾಲೆ ತುಂಬಿ ಕಟ್ಟೆಯ ಮೇಲೂ ಹೆಂಗಸರು ಕುಳಿತರು. ದೊಡ್ಡತ್ತೆ ತಮ್ಮ ಶಂಖವನ್ನು ಸೆರಗಿನಲ್ಲಿ ಸುತ್ತಿ ತಂದಿದ್ದರು, ಹೋಲಿಸಿ ನೋಡಲಿಕ್ಕೆ. ಗೊಲ್ಲಾಳಪ್ಪ ಕಾಕಾ ಜಗಲಿಗೆ ಕೈಮುಗಿದು ಹಳದಿ ಶಂಖವನ್ನು ಎತ್ತಿಕೊಂಡರು, ಎಡಗೈಯ ಎರಡು ಬೆರಳಲ್ಲಿ ಅದನ್ನು ಬಿಗಿಯಾಗಿ ಹಿಡಿದರು, ಬಲಗೈಯಲ್ಲಿ ಅರ ತೆಗೆದುಕೊಂಡು ತುದಿಗೆ ಇಟ್ಟರು.

ಅರ ಒಂದು ಸಲ ಕರ್ ಎಂದಿತು.

"ತಡೀರಿ! ಅದರಾಗ ಜೀವ ಐತಿ!" ಎಂದು ಕಿರುಚಿದೆ.

ಕಿರುಚಿದ ಮೇಲೆ ಗೊತ್ತಾಯಿತು, ನನ್ನದೊಂದೇ ಧ್ವನಿ ಅಲ್ಲ. ಅದೇ ಕ್ಷಣ, ಅದೇ ಮಾತನ್ನು, ನನಗಿಂತ ಜೋರಾಗಿ ಅತ್ತೆ ಕಿರುಚಿದ್ದರು. ಅಷ್ಟೇ ಅಲ್ಲ, ಹಾರಿ ಹೋಗಿ ಕಾಕಾನ ಬಲಗೈ ಹಿಡಿದುಕೊಂಡಿದ್ದರು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಸೌತೆಕಾಯಿ, ಜಪ, ಅರ್ಧ ಮುಚ್ಚಿದ ಬಾಗಿಲು ಎಲ್ಲವೂ ಒಂದೇ ಸಲ ನನ್ನ ತಲೆಗೆ ಹೊಕ್ಕವು.

"ಜೀವ ಅಂದ್ರ?" ಎಂದರು ಕಾಕಾ. ಅರ ಕೆಳಗಿಟ್ಟರು. ಆಗತಾನೆ ಹುಟ್ಟಿದ ಕುರಿಮರಿ ಉಸಿರಾಡದೆ ಬಿದ್ದರೆ ಅವರು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಮೂಗಿಗೆ ತಮ್ಮ ಬೆಚ್ಚನೆಯ ಉಸಿರು ಬಿಡುತ್ತಾರೆ. ಈಗಲೂ ಹಾಗೇ ಮಾಡಿದರು. ಶಂಖವನ್ನು ಅಂಗೈಯಲ್ಲಿ ಮಲಗಿಸಿ ಅದರ ಬಾಯಿಗೆ ಮೆಲ್ಲಗೆ, ಹಾ, ಹಾ ಎಂದು ಉಸಿರು ಬಿಟ್ಟರು. ಇಡೀ ಓಣಿ ಮುಂದಕ್ಕೆ ಬಾಗಿತು. ಮೊದಲು ಒಂದು ಕೊಂಬು ಬಂತು, ಆಮೇಲೆ ಇನ್ನೊಂದು. ಆಮೇಲೆ ಹುಳ ಪೂರ್ತಿ ಹೊರಬಂದು, ಕಾಕಾನ ಮಣಿಕಟ್ಟಿನ ಕಡೆ ನಡೆಯತೊಡಗಿತು. ತುದಿಯಲ್ಲಿ ಅರದ ಒಂದು ಸಣ್ಣ ಬಿಳಿ ಗೀರು, ಅಷ್ಟೇ.

"ಕಚಗುಳಿ ಆಗತೈತ್ರಿ" ಎಂದು ಕಾಕಾ ನಕ್ಕರು. "ಬಸವನಹುಳ! ಕೊಂಬ ನೋಡ್ರಿ ಹ್ಯಾಂಗದಾವು!"

ಮಲಕವ್ವ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಎರಡು ಹೆಜ್ಜೆ ಮುಂದೆ ಬಂದರು. "ಅಯ್ಯ ಶಿವನ! ಮೂರು ಸೋಮವಾರ ಊರಿಗೆಲ್ಲಾ ಹುಳ ತೊಳದ ನೀರ ಕುಡಿಸಿದೇನ ಸಿದ್ದಲಿಂಗವ್ವಾ?"

ಹೆಂಗಸರಲ್ಲಿ ಒಬ್ಬಳು ಬಾಯಿಗೆ ಸೆರಗು ಹಿಡಿದಳು. ಇನ್ನೊಬ್ಬಳು ಹೊಟ್ಟೆ ಮುಟ್ಟಿ ನೋಡಿಕೊಂಡಳು. "ನಾನೂ ಕುಡದೀನಿ, ಏನೂ ಆಗಿಲ್ಲ" ಎಂದರು ಕಾಕಾ. "ನಂದು ಮೊಣಕಾಲ ನೋವು ಕಡಿಮಿ ಆಗೈತಿ." ಆ ಸಾಕ್ಷಿಯನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಅತ್ತೆ ಹುಳವನ್ನು ಕಾಕಾನ ಕೈಯಿಂದ ತಮ್ಮ ಅಂಗೈಗೆ ಇಳಿಸಿಕೊಂಡರು. ಅವರು ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ.

"ಹುಳ ಖರೇ ಅಕ್ಕಾ" ಎಂದರು. "ನಿಮ್ಮ ಶಂಖದಾಗೂ ಒಂದು ಇಂಥಾದ್ದ ಇತ್ತು. ಸಮುದ್ರದಾಗ ಅದರ ಪಾಡಿಗೆ ಅದು ಇತ್ತು. ಅದನ್ನ ತಗದ ಒಗದು, ಮನಿ ತೊಳದು ನಿಮಗ ಮಾರ್ಯಾರ. ನಮ್ಮದು ಇನ್ನೂ ಒಳಗ ಐತಿ. ಊದಾಕ ಬರ್ಲಿ ಬಿಡ್ಲಿ, ಇದರ ಬೆನ್ನ ಕೊರಿಯಾಕ ನಾ ಕೊಡೂದಿಲ್ಲ. ನೀವೆಲ್ಲಾ ಅಕ್ಕನ ಮನಿಗೆ ಹೋಗ್ರವ್ವಾ, ಹೊತ್ತಾಕ್ಕೈತಿ."

ದೊಡ್ಡತ್ತೆ ಸೆರಗಿನೊಳಗಿನ ತಮ್ಮ ಶಂಖವನ್ನು ಒಮ್ಮೆ ನೋಡಿದರು. ಅದರ ಬಾಯೊಳಗೆ ಬೆರಳು ಹಾಕಿ ನೋಡಿದರು. ಅದನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡು ಹೋದರು. ಅವರ ಹಿಂದೆ ಹೆಂಗಸರೂ ಹೋದರು. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಶಂಖ ಊದಿದ ಸದ್ದು ಕೇಳಿತು, ನಮ್ಮ ಪಡಸಾಲೆಯಲ್ಲಿ ಚಾಪೆಗಳು ಖಾಲಿ ಬಿದ್ದಿದ್ದವು.

"ಅತ್ತಿ, ಯಾವಾಗ ಗೊತ್ತಾತ್ರಿ ನಿಮಗ?"

"ಎರಡನೇ ಸೋಮವಾರದ ಮುಂಚೆ. ಬುತ್ತಿ ಕೊಟ್ಟು ಒಂದಿನ ಲಗೂನ ಬಂದೆ. ನೀ ಒಳಗ ಯಾರ ಜೋಡಿನೋ ಮಾತಾಡಾಕತ್ತಿದ್ದಿ. ಯಾರು ಬಂದಾರ ಅಂತ ಬಾಗಲ ಸಂದ್ಯಾಗ ನೋಡಿದೆ."

"ಏನೇನ ಕೇಳಿದ್ರಿ?"

"ಸಾರಿಗೆ ಉಪ್ಪ ಹೆಚ್ಚು. ಕಸಾ ಎರಡ ಸಲ ಹೊಡೀತಾರ. ಚಾ ಅಂದ್ರ ಕಷಾಯ." ಅತ್ತೆ ಬೆರಳು ಮಡಚಿ ಎಣಿಸಿದರು. "ಮರದಿನಾನೂ ಲಗೂನ ಬಂದು ಕೇಳಿದೆ. ಅದರ ಮರದಿನಾನೂ."

ಭೂಮಿ ಬಾಯಿ ಬಿಟ್ಟಿದ್ದರೆ ಹೊಲಿಗೆ ಯಂತ್ರದ ಸಮೇತ ಇಳಿದುಬಿಡುತ್ತಿದ್ದೆ. "ಮತ್ತ ನನ್ನ ಮುಂದ ಯಾಕ ಹೇಳಲಿಲ್ರಿ?"

"ನನ್ನ ಮಾನ ಉಳಸಾಕ ನೀ ಅಷ್ಟ ಒದ್ದಾಡಾಕತ್ತಿದ್ದಿ. ಬೈಕೋಂತಾನ ಒದ್ದಾಡಾಕತ್ತಿದ್ದಿ. ಅದನ್ನ ನೋಡಿ ನನಗ ಭಾಳ ಚಲೋ ಅನಸ್ತು." ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಮತ್ತ ನಾನೂ ಸಂಜೀಕ ಅದರ ಮುಂದ ನಿನ್ನ ಮ್ಯಾಲ ಚಾಡಿ ಹೇಳ್ತಿದ್ನಲ್ಲ. ಜಪ ಅಂದ್ರ ಏನ ಅನ್ಕೊಂಡಿದ್ದಿ?"

ನಾನು ನಕ್ಕೆ, ಅತ್ತೆಯೂ ನಕ್ಕರು. ಏನು ಹೇಳಿದಿರಿ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಅವತ್ತು ಮಧ್ಯಾಹ್ನದ ಚಹಾಕ್ಕೆ ಮೂರು ಚಮಚ ಸಕ್ಕರೆ ಬಿದ್ದಿತ್ತು, ಕುಡಿಯಲಾಗಲಿಲ್ಲ.

ಹುಳಕ್ಕೆ ಕಾಕಾ ಸಣ್ಣ ಕಣ್ಣಿನ ಜಾಲರಿಯ ಒಂದು ಪೆಟ್ಟಿಗೆ ಮಾಡಿಕೊಟ್ಟರು. ಅದನ್ನು ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಇಟ್ಟೆವು. ಇನ್ನು ಯಾರೂ ತೀರ್ಥಕ್ಕೆ ಬರುವುದಿಲ್ಲ ಎಂದು ಅತ್ತೆಗೆ ಗೊತ್ತಿತ್ತು. ಕಟ್ಟೆಯ ಮೇಲೆ ಕುಳಿತಾಗ ಯಾರಾದರೂ "ಹುಳ ಅರಾಮ ಐತೇನು?" ಎಂದು ಕೇಳಿ ನಕ್ಕರೆ, ಅವರೂ ನಗುತ್ತಿದ್ದರು. ಆದರೆ ಆ ನಗೆಗೆ ಅವರು ಪಡುತ್ತಿದ್ದ ಕಷ್ಟ ನನಗೆ ಕಾಣುತ್ತಿತ್ತು.

ಗುರುವಾರ ಮಧ್ಯಾಹ್ನ ಮೂರಕ್ಕೆ ಮಲಕವ್ವ ಬಂದರು. ಕೈಯಲ್ಲಿ ಒಂದು ಎಳೆಯ ಸೌತೆಕಾಯಿ.

"ಎಲ್ಲೈತಿ ಅದು?"

ಅತ್ತೆ ಪೆಟ್ಟಿಗೆ ತೋರಿಸಿದರು. ದೊಡ್ಡತ್ತೆ ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು, ತಿರುಗಿ ನಮ್ಮನ್ನು ನೋಡಿದರು. "ನೀವಿಬ್ಬರೂ ಒಂದೀಟ ಹೊರಗ ಕುಂದರ್ರಿ."

ನಮ್ಮ ಮನೆಯಿಂದ ನಮ್ಮನ್ನೇ ಹೊರಗೆ ಹಾಕುವ ಧೈರ್ಯ ಅವರಿಗೆ ಮಾತ್ರ ಇರುವುದು. ಹೊರಗೆ ಬಂದೆವು. ಕಟ್ಟೆಯ ಮೇಲೆ ಕೂರಲಿಲ್ಲ. ಇಬ್ಬರೂ ಬಾಗಿಲ ಸಂದಿಗೆ ಕಿವಿ ಹಚ್ಚಿ ನಿಂತೆವು. ಅತ್ತೆಗೆ ಅಲ್ಲಿ ನಿಂತು ಅನುಭವವಿತ್ತು, ಯಾವ ಸಂದಿಯಲ್ಲಿ ಚೆನ್ನಾಗಿ ಕೇಳುತ್ತದೆ ಎಂದು ನನಗೆ ತೋರಿಸಿದರು.

ಒಳಗೆ ಮೊದಲು ಸೌತೆಕಾಯಿ ಹೆಚ್ಚಿದ ಸದ್ದು. ಆಮೇಲೆ ಮಲಕವ್ವನವರ ಧ್ವನಿ, ಅವರದಲ್ಲವೇನೋ ಎನ್ನುವಷ್ಟು ಮೆಲ್ಲಗೆ.

"ರಾಮೇಶ್ವರದಾಗ ನಾ ಎರಡು ತಗೊಂಡಿದ್ದೆ. ಒಂದು ನನಗ, ಒಂದು ಆಕಿಗೆ. ಎರಡೂ ಒಂದ ಥರಾ ಇದ್ದೂವು. ಬರೂ ಮುಂದ ಬಸ್ಸಿನಾಗ ಒಂದು ಒಡೀತು. ಯಾವುದು ಒಡೀತು ಅಂತ ಗುರ್ತ ಇರಲಿಲ್ಲ. ಉಟಗಿ ಬರೂದ್ರಾಗ, ಒಡದದ್ದು ಆಕೀದು ಅಂತ ಆಗಿತ್ತು."

ಹುಳ ಏನೂ ಹೇಳಿರಲಿಕ್ಕಿಲ್ಲ.

"ಕುಂಕುಮ ಉಟಗಿ ಸ್ಟ್ಯಾಂಡಿನಾಗ ತಗೊಂಡೆ. ರಾಮೇಶ್ವರದ್ದಲ್ಲ ಅದು. ಅದನ್ನೂ ಹೇಳಲಿಲ್ಲ."

ನಾನು ಅತ್ತೆಯ ಮುಖ ನೋಡಿದೆ. ಇಪ್ಪತ್ತೊಂದು ವರ್ಷದ ಸಿಟ್ಟು ಎಲ್ಲಿ ಹೋಗಬೇಕೆಂದು ತಿಳಿಯದೆ ಆ ಮುಖದಲ್ಲಿ ಓಡಾಡುತ್ತಿತ್ತು. ಬೈಯುತ್ತಾರೆ ಎಂದುಕೊಂಡು ನಾನು ಅವರ ತೋಳು ಹಿಡಿದೆ. ಅವರು ಬಿಡಿಸಿಕೊಂಡು, ಬಾಗಿಲು ದೂಡಿ, ಸೀದಾ ಮಾಡದ ಹತ್ತಿರ ಹೋಗಿ ಆ ತಗಡಿನ ಡಬ್ಬಿ ತೆಗೆದುಕೊಂಡರು. ಮುಚ್ಚಳ ತಿರುವಿದರು. ಅದು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ, ತುಕ್ಕು ಹಿಡಿದು ಕೂತುಬಿಟ್ಟಿತ್ತು.

"ನಂದಾ, ಗೊಲ್ಲಾಳಪ್ಪನ ಅರ ಎಲ್ಲೈತಿ? ಅವತ್ತ ಇಲ್ಲೇ ಬಿಟ್ಟು ಹೋಗ್ಯಾನಲ್ಲ."

ಅರ ಕೊಟ್ಟೆ. ದೊಡ್ಡತ್ತೆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು, ಅತ್ತೆ ಅರದ ಮೊನೆಯಿಂದ ಮುಚ್ಚಳ ಮೀಟಿದರು. ಮೂರನೆಯ ಸಲಕ್ಕೆ ಅದು ಟಪ್ಪೆಂದು ಹಾರಿತು. ಕುಂಕುಮ ಇಬ್ಬರ ಮುಖ, ಸೀರೆ, ನನ್ನ ಯಂತ್ರದ ಮೇಲಿದ್ದ ಬಿಳಿ ಜಂಪರು, ಎಲ್ಲದರ ಮೇಲೂ ಬಿತ್ತು. ಡಬ್ಬಿಯ ತಳದಲ್ಲಿ ಒಂದು ಚಿಟಿಕೆ ಉಳಿದಿತ್ತು. ಅತ್ತೆ ಅದನ್ನು ಬೆರಳಿಗೆ ಹಚ್ಚಿಕೊಂಡು, ಆಗಲೇ ಪೂರ್ತಿ ಕೆಂಪಾಗಿದ್ದ ನೆಗೆಣ್ಣಿಯ ಹಣೆಯಲ್ಲಿ ಜಾಗ ಹುಡುಕಿ ಹಚ್ಚಿದರು.

"ಸಿದ್ದಲಿಂಗವ್ವಾ, ಬಾಗಲ ಹಿಂದ ನಿಂತು ಕೇಳೂದು ಚಲೋ ಅಲ್ಲ" ಎಂದರು ದೊಡ್ಡತ್ತೆ.

"ಹೌದ್ರಿ ಅಕ್ಕಾ" ಎಂದು ಅತ್ತೆ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟರು.